ಕಾರಂಜಾದ ಬೋಟ್‌ಗೆ ನೆಟ್‌ವರ್ಕ್ ವೈರಿಂಗ್ ಮಾಡಿದ್ದೇನೆ, ಸೆಲ್ಫ್ ಹೊಡೆದರೆ ಜಿಪಿಎಸ್ ಮಾಯ. ಯಾರಾದರೂ ನೋಡಿ ಹೇಳ್ರಿ

ವೈರಿಂಗ್_ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಹದಿನೆಂಟು ವರ್ಷದಿಂದ ಲಾರಿ, ಜೀಪು, ಟ್ರ್ಯಾಕ್ಟರ್ ವೈರಿಂಗ್ ಮಾಡುತ್ತಿದ್ದೇನೆ. ಬೋಟ್ ಮಾತ್ರ ಇದೇ ಮೊದಲು. ನಗಬೇಡಿ.

ಭಾಲ್ಕಿ ಕಡೆಯ ಒಬ್ಬರು ಪರಿಚಯದವರು ಕಾರಂಜಾ ಡ್ಯಾಂ ಹಿನ್ನೀರಿನಲ್ಲಿ ಮೀನಿನ ಕೆಲಸ ಮಾಡುತ್ತಾರೆ. ಕರಾವಳಿಯಿಂದ 22 ಅಡಿಯ ಹಳೆ ಫೈಬರ್ ಬೋಟ್ ತಂದರು, ಲಾರಿ ಮೇಲೆ. ಹಿಂದೆ ಹೊರಗಡೆ ತೂಗುವ ಪೆಟ್ರೋಲ್ ಎಂಜಿನ್. ಅದರ ಜೊತೆ ಒಂದು 9 ಇಂಚಿನ ಸ್ಕ್ರೀನ್, ಜಿಪಿಎಸ್ ಆಂಟೆನಾ, ಆಳ ಮತ್ತು ಮೀನು ತೋರಿಸುವ ತಳದ ಸೆನ್ಸರ್, ಪೆಟ್ರೋಲ್ ಟ್ಯಾಂಕ್ ಸೆನ್ಸರ್, ಎಂಜಿನ್ ಮಾಹಿತಿ ಕೊಡುವ ಚಿಕ್ಕ ಡಬ್ಬಿ, ಎಲ್ಲ ಚೀಲದಲ್ಲಿ ಕೊಟ್ಟರು. "ನೀನು ಕಾರಿಗೆ ಸ್ಟೀರಿಯೊ ಹಾಕ್ತೀಯಲ್ಲ, ಇದನ್ನೂ ಹಾಕು" ಅಂದರು.

ಎನ್‌ಎಂಇಎ 2000 ಅಂತ ನೆಟ್‌ವರ್ಕ್, ಬೋಟ್‌ನ ಸಾಮಾನುಗಳೆಲ್ಲ ಒಂದೇ ಕೇಬಲ್ ಮೇಲೆ ಮಾಹಿತಿ ಹಂಚಿಕೊಳ್ಳುವುದು. ಒಂದು ಹೊಸ ಕಿಟ್ ತರಿಸಿದೆ. ಟಿ ಕನೆಕ್ಟರ್‌ಗಳು, ಕೇಬಲ್ ತುದಿಗೆ ಹಾಕುವ ಎರಡು ಟರ್ಮಿನೇಟರ್ ಬಿರಡೆ, ಕರೆಂಟ್ ಕೊಡುವ ಕೇಬಲ್ ಅದರಲ್ಲೇ ಬಂತು. ಬೋಟ್‌ನಲ್ಲಿ ಮೊದಲೇ ಎಂಜಿನ್ ಕಡೆಗೆ ಹೋದ ಹಳೆ ಕೇಬಲ್ ಇತ್ತು. ಅದು ಚೆನ್ನಾಗಿ ಕಂಡಿತು, ಅದನ್ನೂ ಸೇರಿಸಿದೆ. ಅಂಗಳದಲ್ಲಿ ಟ್ರೇಲರ್ ಮೇಲೆ ಇಟ್ಟು ಕೀ ಆನ್ ಮಾಡಿದಾಗ ಎಲ್ಲ ಸರಿ. ಜಿಪಿಎಸ್ ಬಂತು, ಪೆಟ್ರೋಲ್ ಮುಳ್ಳು ಬಂತು. ನಾನು ಮೀಸೆ ತಿರುವಿದೆ.

ನೀರಿಗೆ ಇಳಿಸಿ ಸೆಲ್ಫ್ ಹೊಡೆದ ತಕ್ಷಣ ಸ್ಕ್ರೀನ್ ಮೇಲೆ "ಜಿಪಿಎಸ್ ಇಲ್ಲ, ಎಂಜಿನ್ ಡೇಟಾ ಇಲ್ಲ" ಅಂತ ಬರುತ್ತದೆ. ಸ್ಕ್ರೀನ್ ಮಾತ್ರ ಆರುವುದಿಲ್ಲ. ಒಂದೆರಡು ನಿಮಿಷಕ್ಕೆ ಜಿಪಿಎಸ್ ವಾಪಸ್ ಬರುತ್ತದೆ. ಟ್ಯಾಂಕ್ ಸೆನ್ಸರ್ ಕೆಲವು ಸಲ ಬರುತ್ತದೆ, ಕೆಲವು ಸಲ ಸ್ಕ್ರೀನ್ ಬಂದ್ ಮಾಡಿ ಚಾಲೂ ಮಾಡಬೇಕು. ಮೂರು ಸಲ ಕಲಬುರಗಿಯಿಂದ ಹೋಗಿ ಬಂದೆ. ಬೈಕ್ ಪೆಟ್ರೋಲ್ ಖರ್ಚು ನನ್ನದೇ.

ತೊಗರಿಬ್ಯಾಳಿ

ನಮ್ಮ ಕಲಬುರಗಿಯಲ್ಲಿ ಬೋಟ್ ವೈರಿಂಗ್! ಮುಂದೆ ಸೂಪರ್ ಮಾರ್ಕೆಟ್‌ನಲ್ಲಿ ಬಂದರು ಕಟ್ಟುತ್ತಾರೇನೋ.

ಭಾಲ್ಕಿ_ಹುಡುಗ

ನಗುವುದೇನಿದೆ? ಬ್ಯಾಲಹಳ್ಳಿ ಹತ್ತಿರ ಡ್ಯಾಂ ಮೇಲೆ ನಿಂತು ನೋಡಿ, ಮಳೆಗಾಲ ಮುಗಿದ ಮೇಲೆ ಆ ದಂಡೆ ಕಾಣುವುದಿಲ್ಲ. ಮಾಂಜ್ರಾ ಸೇರುವ ಹೊಳೆ ಅದು, ಕೆರೆ ಅಲ್ಲ. ಸಂಜೆ ಮಬ್ಬು ಇಳಿದರೆ ಬಲೆ ಹಾಕಿದ ಜಾಗ ಹುಡುಕುವುದು ಕಷ್ಟ. ಜಿಪಿಎಸ್ ಬೇಕೇ ಬೇಕು.

ತೊಗರಿಬ್ಯಾಳಿ

ಬೇಕು ಅಂದರೆ ಫೋನ್‌ನಲ್ಲೇ ಇದೆಯಲ್ಲ ಮಾರಾಯ.

ಭಾಲ್ಕಿ_ಹುಡುಗ

ಒದ್ದೆ ಕೈಯಲ್ಲಿ, ಬಿಸಿಲಲ್ಲಿ, ಮೀನಿನ ಲೋಳೆ ಹತ್ತಿದ ಬೆರಳಲ್ಲಿ ಫೋನ್ ಒತ್ತಿ ನೋಡಿ. ಆಮೇಲೆ ಮಾತಾಡೋಣ.

ಹಡಗು_ಬಿಟ್ಟವ

ನಾನು ಆಳಂದದವನು. ಇಪ್ಪತ್ತೆರಡು ವರ್ಷ ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ, ಈಗ ಊರಲ್ಲಿ ಹೊಲ ನೋಡಿಕೊಂಡಿದ್ದೇನೆ. ತಮ್ಮಾ, ಮೊದಲು ಒಂದು ಅಳತೆ ಕೊಡು. ನೆಟ್‌ವರ್ಕ್‌ನ ಕರೆಂಟ್ ತೆಗೆ. ಯಾವುದಾದರೂ ಖಾಲಿ ಟಿ ತುದಿಯಲ್ಲಿ ಬಿಳಿ ಮತ್ತು ನೀಲಿ ತಂತಿಯ ಪಿನ್‌ಗಳ ನಡುವೆ, ಅಂದರೆ 4 ಮತ್ತು 5ರ ನಡುವೆ, ಮೀಟರ್ ಇಟ್ಟು ಓಮ್ ನೋಡು. 60 ಬರಬೇಕು. ಅದನ್ನು ಬಿಟ್ಟು ಬೇರೆ ಏನು ಬಂದರೂ ಮುಂದಿನ ಮಾತು ಬೇಡ.

ಯಾಕೆ 60 ಅಂದರೆ, ಬೆನ್ನೆಲುಬಿನ, ಅಂದರೆ ಉದ್ದನೆ ಮುಖ್ಯ ಕೇಬಲ್‌ನ, ಎರಡು ತುದಿಗೂ 120 ಓಮ್‌ನ ಒಂದೊಂದು ಟರ್ಮಿನೇಟರ್ ಇರುತ್ತದೆ. ಎರಡೂ ಪಕ್ಕಪಕ್ಕ ಸೇರಿ 60. ಒಂದು ಕಳಚಿದ್ದರೆ 120 ಬರುತ್ತದೆ. ಒಂದು ಜಾಸ್ತಿ ಇದ್ದರೆ 40.

ಕೇಬಲ್_ಕಾಕಾ

ಇಷ್ಟೆಲ್ಲ ದುಬಾರಿ ಕನೆಕ್ಟರ್ ಯಾಕೆ? ಶಹಾಬಾದ್‌ನಲ್ಲಿ ನಾನು ದಿನಾ ಇಂಟರ್‌ನೆಟ್ ಕೇಬಲ್ ಎಳೆಯುತ್ತೇನೆ. ಕ್ಯಾಟ್ 6 ಹಾಕಿ, ಎಂಟು ತಂತಿ ಇರುತ್ತವೆ, ಐದು ಸಾಕು. ಉಳಿದ ಮೂರು ಸ್ಪೇರ್. ಬೋಟ್ ತಾನೆ, ಎಷ್ಟು ಉದ್ದ ಇರುತ್ತದೆ.

ಹಡಗು_ಬಿಟ್ಟವ

ಕಾಕಾ, ಬೇಡ. ಗೋಡೆಯೊಳಗೆ ಎಳೆಯುವ ಕ್ಯಾಟ್ 6 ಒಳಗೆ ಒಂಟಿ ಗಟ್ಟಿ ತಂತಿ. ಮನೆ ಗೋಡೆ ಅಲ್ಲಾಡುವುದಿಲ್ಲ, ಬೋಟ್ ಅಲ್ಲಾಡುತ್ತದೆ. ಎಂಜಿನ್ ನಡುಕಕ್ಕೆ ಆರು ತಿಂಗಳಲ್ಲಿ ಕ್ರಿಂಪ್ ಬುಡದಲ್ಲೇ ಮುರಿಯುತ್ತದೆ, ಹೊರಗಿನ ಸಿಪ್ಪೆ ಮಾತ್ರ ಹಾಗೇ ಇರುತ್ತದೆ. ಎಲ್ಲಿ ತುಂಡಾಯಿತು ಅಂತ ಹುಡುಕುತ್ತ ಕೂತರೆ ತಲೆ ಬೆಳ್ಳಗಾಗುತ್ತದೆ. ನೀರಿನ ಕೆಲಸಕ್ಕೆ ಎಳೆ ಎಳೆ ತಂತಿ ಬೇಕು, ಅದೂ ತವರ ಸವರಿದ ತಾಮ್ರ. ಜೊತೆಗೆ ಆ ಕ್ಯಾಟ್ ಕೇಬಲ್‌ಗಳ ಇಂಪೆಡೆನ್ಸ್ 100 ಓಮ್, ಇದಕ್ಕೆ ಬೇಕಾದದ್ದು 120.

ಕೇಬಲ್_ಕಾಕಾ

ನಾನು ಒಂದು ಮದುವೆ ಮಂಟಪದಲ್ಲಿ ಕ್ಯಾಟ್ 6ನಲ್ಲಿ ಸ್ಪೀಕರ್ ಓಡಿಸಿದ್ದೇನೆ. ಏನೂ ಆಗಿಲ್ಲ.

ವಾಡಿ_ಪಿಎಲ್‌ಸಿ

ಮದುವೆ ಒಂದು ದಿನಕ್ಕೆ ಮುಗಿಯುತ್ತದೆ ಕಾಕಾ.

ನಾನು ಸಿಮೆಂಟ್ ಫ್ಯಾಕ್ಟರಿಯಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿದ್ದೇನೆ. ಬೋಟ್ ನೋಡಿಲ್ಲ, ಆದರೆ ಈ ಕನೆಕ್ಟರ್ ದಿನಾ ನೋಡುತ್ತೇನೆ. ನಮ್ಮ ಕನ್ವೇಯರ್‌ನ ಡಿವೈಸ್‌ನೆಟ್ ಅನ್ನುವ ಫ್ಯಾಕ್ಟರಿ ನೆಟ್‌ವರ್ಕ್‌ಗೂ ಇದೇ ಐದು ಪಿನ್ನಿನ ದುಂಡನೆ ಕನೆಕ್ಟರ್. ಒಳಗೆ ಎರಡೂ ಕ್ಯಾನ್ ಬಸ್ಸೇ, ಅಂದರೆ ಎಲ್ಲ ಸಾಮಾನೂ ಹಂಚಿಕೊಳ್ಳುವ ಒಂದೇ ಜೋಡಿ ಡೇಟಾ ತಂತಿ. ಬಾಷ್ ಕಂಪನಿಯವರು ಕಾರಿಗೆ ಅಂತ ಮಾಡಿ 1986ರಲ್ಲಿ ತೋರಿಸಿದ್ದು. ಅಂದರೆ ಅಣ್ಣಾ, ನಿಮಗೆ ಇದು ಪೂರಾ ಹೊಸದೇನಲ್ಲ. ಈಗಿನ ಕಾರಿನ ದೋಷ ಪರೀಕ್ಷಿಸುವ ಒಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಅಳೆದರೂ ಅದೇ 60 ಓಮ್ ಬರುತ್ತದೆ ಅಲ್ವಾ?

ಬೋಟ್‌ನದು ಸೆಕೆಂಡಿಗೆ 250 ಕಿಲೋಬಿಟ್ ವೇಗ. ಅದಕ್ಕೆ ನಿಯಮ ಸ್ವಲ್ಪ ಸಡಿಲ. ತೆಳು ಕೇಬಲ್‌ನಲ್ಲಿ ಬೆನ್ನೆಲುಬು 100 ಮೀಟರ್‌ವರೆಗೆ ಹೋಗಬಹುದು. ಟಿಯಿಂದ ಸಾಮಾನಿಗೆ ಹೋಗುವ ಕವಲು ಒಂದೊಂದೂ 6 ಮೀಟರ್ ದಾಟಬಾರದು, ಎಲ್ಲ ಕವಲು ಕೂಡಿ 78 ಮೀಟರ್. 22 ಅಡಿ ಬೋಟ್‌ನಲ್ಲಿ ನೀವು ಬೇಕು ಅಂದರೂ ಇದನ್ನು ಮೀರಲಾರಿರಿ. ಆದ್ದರಿಂದ ಉದ್ದದ ಚಿಂತೆ ಬಿಡಿ.

ವೈರಿಂಗ್_ಕಲಬುರಗಿ

ಒಬಿಡಿ ಮಾತು ಹೇಳಿದ್ದಕ್ಕೆ ಧೈರ್ಯ ಬಂತು ಅಕ್ಕ. ಸರ, ಅಳೆದೆ. ಮೀಟರ್ ನಿಲ್ಲುತ್ತಲೇ ಇಲ್ಲ. 30, 200, ಮೈನಸ್, ಏನೇನೋ ತೋರಿಸುತ್ತಿದೆ.

ಹಡಗು_ಬಿಟ್ಟವ

ಕರೆಂಟ್ ತೆಗೆದು ಅಳೆ ಅಂದಿದ್ದೆ.

ವೈರಿಂಗ್_ಕಲಬುರಗಿ

ಹೌದು, ಕೀ ಆನ್ ಇತ್ತು. ನಾಚಿಕೆಯಾಯಿತು. ಈಗ ಕೀ ತೆಗೆದು ಅಳೆದೆ. 40.3.

ವಾಡಿ_ಪಿಎಲ್‌ಸಿ

ಮೂರು ಟರ್ಮಿನೇಟರ್! ಎಲ್ಲೋ ಒಂದು ಅಡಗಿ ಕೂತಿದೆ.

ವೈರಿಂಗ್_ಕಲಬುರಗಿ

ನಾನು ಹಾಕಿದ್ದು ಎರಡೇ. ಬೇಕಾದರೆ ಫೋಟೋ ಹಾಕುತ್ತೇನೆ.

ಹಡಗು_ಬಿಟ್ಟವ

ಫೋಟೋ ಬೇಡ. ಆ ಹಳೆ ಕೇಬಲ್ ಎಲ್ಲಿಗೆ ಸೇರಿಸಿದೆ ಹೇಳು. ಟಿಯ ತೋಳಿಗೋ ಕಾಲಿಗೋ?

ವೈರಿಂಗ್_ಕಲಬುರಗಿ

ಕಾಲಿಗೆ. ಅಲ್ಲೇ ಒಂದು ಜಾಗ ಖಾಲಿ ಇತ್ತು.

ಹಡಗು_ಬಿಟ್ಟವ

ಅಲ್ಲಿದೆ ನೋಡು. ತೋಳು ತೋಳಿಗೆ, ಕಾಲು ಸಾಮಾನಿಗೆ. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ನೀನು ಸೇರಿಸಿದ್ದು ಬರೀ ಕೇಬಲ್ ಅಲ್ಲ, ಹಳೆ ಮಾಲೀಕನ ಬೆನ್ನೆಲುಬಿನ ಒಂದು ತುಂಡು. ಅದರ ಆ ಕಡೆ ತುದಿಯಲ್ಲಿ ಅವನು ಹಾಕಿದ ಟರ್ಮಿನೇಟರ್ ಇನ್ನೂ ಇದೆ. ಹಿಂದೆ ಟ್ಯಾಂಕ್ ಕೆಳಗೆ ಕೈ ಹಾಕು, ಹೆಬ್ಬೆಟ್ಟಿನಷ್ಟು ದೊಡ್ಡ ಕರಿ ಬಿರಡೆ ಸಿಗುತ್ತದೆ.

ಅದನ್ನು ಕೀಳಬೇಡ. ನಿನ್ನ ಹೊಸ ಕಿಟ್‌ನ ಹಿಂಬದಿ ತುದಿಯ ಟರ್ಮಿನೇಟರ್ ಬಿಚ್ಚಿ, ಹಳೆ ಕೇಬಲನ್ನು ಆ ತೋಳಿಗೆ ಹಾಕು. ಆಗ ಮುಂದಿನಿಂದ ಹಿಂದಿನವರೆಗೆ ಒಂದೇ ನೇರ ಗೆರೆ, ಎರಡು ತುದಿ, ಎರಡು ಟರ್ಮಿನೇಟರ್.

ಕೃಷ್ಣಾ_ದಂಡೆ

ಇದನ್ನು ಓದಿ ನಮ್ಮ ಊರಿನ ಕಾಲುವೆ ನೆನಪಾಯಿತು. ಒಂದೇ ಮುಖ್ಯ ಕಾಲುವೆ, ಅಲ್ಲಲ್ಲಿ ತೂಬು. ತೂಬಿನಿಂದ ಇನ್ನೊಂದು ಮುಖ್ಯ ಕಾಲುವೆ ತೆಗೆದರೆ ಕೊನೆ ಹೊಲದವನಿಗೆ ನೀರು ಸಿಗುವುದಿಲ್ಲ. ನಾರಾಯಣಪುರ ಎಡದಂಡೆಯಲ್ಲಿ ಪ್ರತಿ ವರ್ಷ ಇದೇ ಜಗಳ.

ತೊಗರಿಬ್ಯಾಳಿ

ಕಾಲುವೆ ಜಗಳ ಶುರು ಮಾಡಬೇಡಿ, ಇಲ್ಲಿ ಮುಗಿಯುವುದಿಲ್ಲ.

ವೈರಿಂಗ್_ಕಲಬುರಗಿ

ಸಿಕ್ಕಿತು! ಟ್ಯಾಂಕ್ ಹಿಂದೆ, ಮರಳು ಮತ್ತು ಒಣಗಿದ ಮೀನಿನ ಪೊರೆ ನಡುವೆ. ಸರ ಹೇಳಿದ ಹಾಗೆ ಮಾಡಿದೆ. ಈಗ 60.2 ಓಮ್. ಭಾನುವಾರ ನೀರಿಗೆ ಇಳಿಸುತ್ತೇವೆ. ಎಲ್ಲರಿಗೂ ಮಿರ್ಚಿ ಭಜಿ ನನ್ನ ಕಡೆಯಿಂದ.

ಕೇಬಲ್_ಕಾಕಾ

ಭಜಿ ಮೊದಲು ಕೊಡಿ, ಟೆಸ್ಟ್ ಆಮೇಲೆ.

ವೈರಿಂಗ್_ಕಲಬುರಗಿ

ಕಾಕಾನ ಮಾತು ನಿಜವಾಯಿತು. ಇವತ್ತು ಇಳಿಸಿದೆವು. ಸೆಲ್ಫ್ ಹೊಡೆದೆ, ಅದೇ ಕಥೆ. ಜಿಪಿಎಸ್ ಇಲ್ಲ, ಎಂಜಿನ್ ಡೇಟಾ ಇಲ್ಲ. ಮಾಲೀಕರು ಏನೂ ಅನ್ನಲಿಲ್ಲ. ಸುಮ್ನೆ ನನ್ನ ಮುಖ ನೋಡಿ ಬಲೆ ಬಿಡಿಸುತ್ತ ಕೂತರು. ಬೈದಿದ್ದರೆ ಚೆನ್ನಾಗಿತ್ತು.

ವಾಡಿ_ಪಿಎಲ್‌ಸಿ

ನನಗೆ ಅನುಮಾನ ಇತ್ತು. 40 ಓಮ್ ತಪ್ಪೇ, ಆದರೆ ಇಷ್ಟು ಚಿಕ್ಕ ಬೋಟ್‌ನಲ್ಲಿ ಮೂರು ಟರ್ಮಿನೇಟರ್ ಇದ್ದರೂ ಎಷ್ಟೋ ಸಲ ಹೇಗೋ ಓಡುತ್ತದೆ. ಸೆಲ್ಫ್ ಹೊಡೆದಾಗ ಮಾತ್ರ ಹೋಗುವುದು ಅಂದರೆ ಡೇಟಾ ತಂತಿಯ ಸಮಸ್ಯೆ ಅಲ್ಲ, ಕರೆಂಟ್‌ನ ಸಮಸ್ಯೆ. ಸಾಮಾನುಗಳು ಪೂರಾ ಸತ್ತು ಮತ್ತೆ ಹುಟ್ಟುತ್ತಿವೆ. ಮತ್ತೆ ಹುಟ್ಟಿದಾಗ ಪ್ರತಿಯೊಂದೂ "ಈ ನಂಬರ್ ನನ್ನದು" ಅಂತ ಬಸ್ ಮೇಲೆ ಕೂಗಿ ಜಾಗ ಹಿಡಿಯಬೇಕು. ಜಿಪಿಎಸ್ ಆಕಾಶ ನೋಡಿ ಉಪಗ್ರಹ ಹುಡುಕಬೇಕು. ಅದಕ್ಕೇ ಒಂದೆರಡು ನಿಮಿಷ.

ಹಡಗು_ಬಿಟ್ಟವ

ಒಪ್ಪಿದೆ. ನಾನು 60 ಬಂದರೆ ಸಾಕು ಅಂತ ಅವಸರ ಮಾಡಿದೆ. ಸೆಲ್ಫ್ ಹೊಡೆದಾಗ ಬ್ಯಾಟರಿ ಕುಸಿಯುತ್ತಿರಬೇಕು. ಈ ಸಾಮಾನುಗಳಿಗೆ 9 ವೋಲ್ಟ್ ಕೆಳಗೆ ಹೋದರೆ ಆಗುವುದಿಲ್ಲ.

ಕೇಬಲ್_ಕಾಕಾ

ತಂತಿ ತೆಳು. ನಾನು ಮೊದಲೇ ಹೇಳಿದ್ದೆ.

ವಾಡಿ_ಪಿಎಲ್‌ಸಿ

ನೀವು ಹೇಳಿದ್ದು ಕ್ಯಾಟ್ 6, ಅದು ಇನ್ನೂ ತೆಳು.

ತಂತಿಯಲ್ಲಿ ವೋಲ್ಟ್ ಬೀಳುವಷ್ಟು ಭಾರವೂ ಇಲ್ಲಿ ಇಲ್ಲ. ಲೆಕ್ಕ ಹಾಕಿ. ಪ್ರತಿ ಸಾಮಾನಿನ ಮೇಲೆ ಎಲ್‌ಇಎನ್ ಅಂತ ಒಂದು ಅಂಕಿ ಬರೆದಿರುತ್ತದೆ. ಒಂದು ಎಲ್‌ಇಎನ್ ಅಂದರೆ 50 ಮಿಲಿಆಂಪಿಯರ್. ಜಿಪಿಎಸ್‌ಗೆ 3, ಎಂಜಿನ್ ಡಬ್ಬಿಗೆ 2, ಟ್ಯಾಂಕ್‌ಗೆ 1, ಸ್ಕ್ರೀನ್‌ಗೆ 1 ಅಂತ ಹಿಡಿಯಿರಿ. ಸ್ಕ್ರೀನ್‌ಗೆ ತನ್ನದೇ ಬೇರೆ ಕರೆಂಟ್ ಇದೆ, ನೆಟ್‌ವರ್ಕ್‌ನಿಂದ ತೆಗೆದುಕೊಳ್ಳುವುದು ಚೂರು. ಒಟ್ಟು 7, ಅಂದರೆ 350 ಮಿಲಿಆಂಪಿಯರ್. ಅಣ್ಣಾ, ಸೆಲ್ಫ್ ಹೊಡೆಯುವಾಗ ಬೇರೆಯವರಿಗೆ ಮೀಟರ್ ಹಿಡಿಯಲು ಹೇಳಿ. ಬ್ಯಾಟರಿ ಮೇಲೆ ಎಷ್ಟು, ಟಿ ಮೇಲೆ ಕೆಂಪು-ಕಪ್ಪು ನಡುವೆ ಎಷ್ಟು, ಎರಡೂ ಬೇಕು.

ವೈರಿಂಗ್_ಕಲಬುರಗಿ

ಭಾಲ್ಕಿಗೆ ಮತ್ತೊಂದು ಸಲ. ಸರಿ, ಹೋಗುತ್ತೇನೆ.

ಟ್ರ್ಯಾಕ್ಟರ್_ಮಾಮಾ

ಜೇವರ್ಗಿಯಿಂದ. ನನಗೆ ಕ್ಯಾನ್ ಗೀನ್ ಗೊತ್ತಿಲ್ಲ. ಒಂದೇ ಪ್ರಶ್ನೆ. ಕೀ ಸ್ವಿಚ್ ಬೋಟ್‌ನದೇನಾ ಅಥವಾ ನೀವು ಹಾಕಿದ್ದಾ?

ವೈರಿಂಗ್_ಕಲಬುರಗಿ

ಮಾಮಾ, ಬೋಟ್‌ನ ಸ್ವಿಚ್ ಉಪ್ಪು ಹಿಡಿದು ತಿರುಗುತ್ತಿರಲಿಲ್ಲ. ನನ್ನ ಅಂಗಡಿಯಲ್ಲಿದ್ದ ಹಳೆ ಕಾರಿನ ಸ್ವಿಚ್ ಹಾಕಿದೆ. ನೆಟ್‌ವರ್ಕ್‌ಗೆ ಕರೆಂಟ್ ಅದರ ಎಸಿಸಿ ಪಾಯಿಂಟ್‌ನಿಂದ ಕೊಟ್ಟಿದ್ದೇನೆ, ಸ್ಟೀರಿಯೊಗೆ ಕೊಡುವ ಹಾಗೆ.

ಅಯ್ಯೋ.

ಟ್ರ್ಯಾಕ್ಟರ್_ಮಾಮಾ

ಹಾಂ. ಕಾರಲ್ಲಿ ಸೆಲ್ಫ್ ಹೊಡೆದಾಗ ಸ್ಟೀರಿಯೊ ಏನಾಗುತ್ತದೆ?

ವೈರಿಂಗ್_ಕಲಬುರಗಿ

ಆರುತ್ತದೆ. ಹದಿನೆಂಟು ವರ್ಷದಿಂದ ದಿನಾ ನೋಡುತ್ತಿದ್ದೇನೆ. ಕೀ ಸ್ಟಾರ್ಟ್‌ಗೆ ತಿರುಗಿದಾಗ ಸ್ವಿಚ್ ತಾನೇ ಎಸಿಸಿ ಕಟ್ ಮಾಡುತ್ತದೆ, ಬ್ಯಾಟರಿಯ ಶಕ್ತಿಯೆಲ್ಲ ಸೆಲ್ಫ್‌ಗೆ ಹೋಗಲಿ ಅಂತ. ಗಿರಾಕಿಗಳಿಗೆ ನಾನೇ ಇದನ್ನು ವಿವರಿಸುತ್ತೇನೆ! ಸ್ಕ್ರೀನ್‌ಗೆ ನೇರ ಬ್ಯಾಟರಿಯಿಂದ ಬೇರೆ ಫ್ಯೂಜ್ ಹಾಕಿ ಕೊಟ್ಟಿದ್ದೆ, ಅದಕ್ಕೇ ಅದು ಆರುತ್ತಿರಲಿಲ್ಲ.

ವಾಡಿ_ಪಿಎಲ್‌ಸಿ

ಅಂಗಳದಲ್ಲಿ ಯಾಕೆ ಸರಿ ಇತ್ತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಅಲ್ಲಿ ನೀವು ಕೀ ಆನ್ ಮಾಡಿದಿರಿ ಅಷ್ಟೆ, ಸೆಲ್ಫ್ ಹೊಡೆಯಲೇ ಇಲ್ಲ.

ವೈರಿಂಗ್_ಕಲಬುರಗಿ

ಹೊಡೆಯಬಾರದು ಅಂದಿದ್ದರು. ನೀರಿಲ್ಲದೆ ಓಡಿಸಿದರೆ ಎಂಜಿನ್‌ನ ನೀರಿನ ಪಂಪಿನ ರಬ್ಬರ್ ಸುಟ್ಟು ಹೋಗುತ್ತದಂತೆ.

ಹಡಗು_ಬಿಟ್ಟವ

ಅದು ಸರಿ. ಮಾಮಾನಿಗೆ ಶರಣು. ನಾನು ಹಡಗು, ರೇಡಾರ್ ಅಂತ ದೊಡ್ಡ ದೊಡ್ಡದು ಯೋಚಿಸುತ್ತಿದ್ದೆ, ಅವರು ಕೀ ನೋಡಿದರು.

ಈಗ ಹೀಗೆ ಮಾಡು ತಮ್ಮಾ. ನೆಟ್‌ವರ್ಕ್ ಕರೆಂಟ್ ಕೀಯಿಂದ ಬರಲೇಬಾರದು. ಬ್ಯಾಟರಿಯ ಮೇನ್ ಸ್ವಿಚ್‌ನಿಂದ ಬೇರೆ ಲೈನ್, ಬ್ಯಾಟರಿ ಹತ್ತಿರವೇ 3 ಆಂಪಿಯರ್ ಫ್ಯೂಜ್, ಆಮೇಲೆ ಡ್ಯಾಶ್‌ನಲ್ಲಿ ಒಂದು ಚಿಕ್ಕ ಸ್ವಿಚ್. ಇದರಲ್ಲಿ ಇನ್ನೊಂದು ಲಾಭ ಇದೆ. ನೀರಿನ ನಡುವೆ ಎಂಜಿನ್ ಕೆಟ್ಟು ಕೀ ತೆಗೆದರೂ ಜಿಪಿಎಸ್ ಇರುತ್ತದೆ. ಎಲ್ಲಿದ್ದೇವೆ ಅಂತ ಗೊತ್ತಾಗಬೇಕಾದದ್ದೇ ಆಗ.

ಕರೆಂಟ್ ಒಂದೇ ಕಡೆಯಿಂದ ಕೊಡು. ಹಳೆ ಬೆನ್ನೆಲುಬಿನಲ್ಲೂ ಹಳೆ ಕರೆಂಟ್ ಕೇಬಲ್ ಇದ್ದರೆ ಅದನ್ನು ಬಿಚ್ಚಿ ತುದಿಗೆ ಮುಚ್ಚಳ ಹಾಕು. ಸುತ್ತಿದ ಬರಿ ತಂತಿ, ಶೀಲ್ಡ್, ಅದು ಅರ್ಥ್‌ಗೆ ಒಂದೇ ಜಾಗದಲ್ಲಿ ಸೇರಬೇಕು, ಆ ಕರೆಂಟ್ ಕೊಡುವ ಜಾಗದಲ್ಲಿ. ಎರಡು ಕಡೆ ಕಟ್ಟಿದರೆ ಅದರಲ್ಲೇ ಕರೆಂಟ್ ಸುತ್ತುತ್ತದೆ.

ಮೂಕ_ಓದುಗ

ಒಂದು ವಾರದಿಂದ ಸುಮ್ನೆ ಓದುತ್ತಿದ್ದೆ. ಒಂದು ಮಾತು. ಆ ಕಾರಿನ ಸ್ವಿಚ್ ಡ್ಯಾಶ್ ಮೇಲೆ ಗಾಳಿಯಲ್ಲಿದೆ, ಆದ್ದರಿಂದ ಸದ್ಯಕ್ಕೆ ಪರವಾಗಿಲ್ಲ. ಆದರೆ ಪೆಟ್ರೋಲ್ ಟ್ಯಾಂಕ್ ಇರುವ ಮುಚ್ಚಿದ ಜಾಗದಲ್ಲಿ ಕಾರಿನ ರಿಲೇ, ಕಾರಿನ ಸ್ವಿಚ್ ಯಾವುದನ್ನೂ ಹಾಕಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟ್‌ನ ತಳದಲ್ಲಿ ಕೂರುತ್ತದೆ. ಕಾರಲ್ಲಿ ಅದು ಕೆಳಗೆ ರಸ್ತೆಗೆ ಹೋಗುತ್ತದೆ, ಬೋಟ್‌ಗೆ ತೂತಿಲ್ಲ. ಒಂದು ಕಿಡಿ ಸಾಕು.

ವೈರಿಂಗ್_ಕಲಬುರಗಿ

ಇದು ನನಗೆ ಹೊಳೆದೇ ಇರಲಿಲ್ಲ. ತಳದ ನೀರು ಎತ್ತುವ ಪಂಪಿಗೆ ಒಂದು ರಿಲೇ ಟ್ಯಾಂಕ್ ಪಕ್ಕದಲ್ಲೇ ಹಾಕಿದ್ದೆ. ನಾಳೆಯೇ ತೆಗೆಯುತ್ತೇನೆ.

ಟ್ರ್ಯಾಕ್ಟರ್_ಮಾಮಾ

ನಾಳೆ ಅಲ್ಲ. ಮಾಲೀಕರಿಗೆ ಈಗಲೇ ಫೋನ್ ಮಾಡಿ ಬ್ಯಾಟರಿ ತಂತಿ ಬಿಚ್ಚಲು ಹೇಳಿ.

ವೈರಿಂಗ್_ಕಲಬುರಗಿ

ಮಾಡಿದೆ ಮಾಮಾ. ಬಿಚ್ಚಿದ್ದಾರೆ.

ಬಿದ್ರಿ_ಕೈ

ಬೀದರ್‌ನಿಂದ. ವೈರಿಂಗ್ ನನಗೆ ತಿಳಿಯದು, ಲೋಹ ಸ್ವಲ್ಪ ತಿಳಿಯುತ್ತದೆ. ಬೋಟ್ ಸಮುದ್ರದಿಂದ ಬಂದದ್ದು ಅಂದಿರಿ. ಎಂಜಿನ್ ಕೆಳಭಾಗದಲ್ಲಿ ಬೂದು ಬಣ್ಣದ ಒಂದು ಲೋಹದ ತುಂಡು ಬೋಲ್ಟ್ ಮಾಡಿರುತ್ತಾರಲ್ಲ, ಅದು ಸತುವಾ?

ಹಡಗು_ಬಿಟ್ಟವ

ಸತುವೇ ಇರಬೇಕು. ಆನೋಡ್. ಒಳ್ಳೆ ಪ್ರಶ್ನೆ ಕೇಳಿದಿರಿ. ಉಪ್ಪು ನೀರಿನಲ್ಲಿ ಸತು ತಾನು ಸವೆದು ಎಂಜಿನ್‌ನ ಅಲ್ಯೂಮಿನಿಯಂ ಉಳಿಸುತ್ತದೆ. ಸಿಹಿ ನೀರಿನಲ್ಲಿ ಅದರ ಮೇಲೆ ಗಟ್ಟಿ ಪೊರೆ ಕಟ್ಟಿ ಕೆಲಸ ನಿಲ್ಲಿಸುತ್ತದೆ. ಕಾರಂಜಾಕ್ಕೆ ಮೆಗ್ನೀಷಿಯಂ ಹಾಕಬೇಕು. ಸಮುದ್ರದಲ್ಲಿ ಮೆಗ್ನೀಷಿಯಂ ಹಾಕಿದರೆ ಬೇಗ ಕರಗಿ ಹೋಗುತ್ತದೆ, ಅದು ಬೇರೆ ಮಾತು.

ಬಿದ್ರಿ_ಕೈ

ಅದೇ ನೋಡ್ರಿ. ನಮ್ಮ ಬಿದ್ರಿ ಸಾಮಾನಿನಲ್ಲೂ ಜಾಸ್ತಿ ಸತುವೇ, ಸ್ವಲ್ಪ ತಾಮ್ರ. ಕೋಟೆಯ ಹಳೆ ಮಣ್ಣು, ನವಸಾಗರ ಕಲಸಿ ಹಚ್ಚಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಅದಕ್ಕೆ ಕೇಳಿದೆ.

ತೊಗರಿಬ್ಯಾಳಿ

ಹಾಗಾದರೆ ಎಂಜಿನ್‌ಗೆ ಒಂದು ಬಿದ್ರಿ ಹೂಜಿ ಕಟ್ಟಿ ಬಿಡಿ. ತುಕ್ಕೂ ಇಲ್ಲ, ಅಂದವೂ ಹೌದು.

ಬಿದ್ರಿ_ಕೈ

ಕಟ್ಟಬಹುದು, ದುಡ್ಡು ನೀವು ಕೊಟ್ಟರೆ. ಒಂದು ಹೂಜಿಗೆ ಬೆಳ್ಳಿ ತಂತಿ ಬಡಿಯಲು ಎಷ್ಟು ದಿನ ಬೇಕು ಗೊತ್ತಾ?

ಕೃಷ್ಣಾ_ದಂಡೆ

ನಾನು ಒಂದು ವಿರೋಧದ ಮಾತು ಹೇಳುತ್ತೇನೆ, ಯಾರೂ ಬೇಜಾರಾಗಬೇಡಿ. ನಮ್ಮ ಅಜ್ಜ ಹರಿಗೋಲು ಹಾಕುತ್ತಿದ್ದ. ಗಳ ಊರಿ ಆಳ ಹೇಳುತ್ತಿದ್ದ, ಗಳದ ತುದಿಗೆ ಹತ್ತಿದ ಮಣ್ಣು ನೋಡಿ ಕೆಳಗೆ ಕಲ್ಲೋ ಕೆಸರೋ ಅನ್ನುತ್ತಿದ್ದ. ಈ ಸ್ಕ್ರೀನ್ ಬಂದ ಮೇಲೆ ಹೊಸ ಹುಡುಗರು ನೀರು ನೋಡುವುದನ್ನೇ ಬಿಟ್ಟಿದ್ದಾರೆ.

ಭಾಲ್ಕಿ_ಹುಡುಗ

ಕಾಕಾ, ಗಳ ಮುಟ್ಟುವಷ್ಟು ಆಳ ಇದ್ದರೆ ಸರಿ. ಕಾರಂಜಾದಲ್ಲಿ ನೀರು ಇಳಿದಾಗ ಮುಳುಗಿದ ಹಳೆ ಗೋಡೆ, ಮರದ ಬೊಡ್ಡೆ ಎಲ್ಲ ಮೇಲಕ್ಕೆ ಬರುತ್ತವೆ. ಪ್ರೊಪೆಲ್ಲರ್ ಒಂದು ಸಲ ಹೊಡೆದರೆ ಸಾವಿರಾರು ರೂಪಾಯಿ. ಹರಿಗೋಲಿಗೆ ಆ ಚಿಂತೆ ಇಲ್ಲ, ಒಪ್ಪುತ್ತೇನೆ.

ಕೃಷ್ಣಾ_ದಂಡೆ

2020ರ ಅಕ್ಟೋಬರ್‌ನಲ್ಲಿ ಭೀಮಾ ಬಂದಾಗ ನೆನಪಿದೆಯಾ? ಅಫಜಲಪುರ, ಜೇವರ್ಗಿ ಕಡೆ ಊರಿಗೆ ಊರೇ ನೀರಲ್ಲಿ. ಆಗ ಬೋಟ್ ಇದ್ದರೆ ಸಾಲದು, ದಾರಿ ಬಲ್ಲವನು ಬೇಕಿತ್ತು. ಹೊಲ ಎಲ್ಲಿ, ಬಾವಿ ಎಲ್ಲಿ, ಕರೆಂಟ್ ತಂತಿ ಎಲ್ಲಿ, ಅದು ಯಾವ ಸ್ಕ್ರೀನ್‌ನಲ್ಲೂ ಇರಲಿಲ್ಲ.

ಟ್ರ್ಯಾಕ್ಟರ್_ಮಾಮಾ

ನಮ್ಮ ಮನೆಯಲ್ಲೂ ಸೊಂಟದ ತನಕ ನೀರು. ಆ ವರ್ಷ ಬಿಚ್ಚಿ ತೊಳೆದ ಸೆಲ್ಫ್ ಮೋಟರ್‌ಗಳಿಗೆ ಲೆಕ್ಕ ಇಲ್ಲ. ಸಿಹಿ ನೀರು ಏನೂ ಮಾಡುವುದಿಲ್ಲ ಅನ್ನುವವರು ಆ ಕೆಸರು ನೋಡಬೇಕಿತ್ತು.

ಮೂಕ_ಓದುಗ

ಬೋಟ್‌ಗೆ ನೋಂದಣಿ ಮಾಡಿಸಿದ್ದಾರಾ? 1917ರ ಹಳೆ ಕಾಯ್ದೆ ಹೋಗಿ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ. ಹೊಳೆ, ಹಿನ್ನೀರಲ್ಲಿ ಎಂಜಿನ್ ಹಾಕಿ ಓಡಿಸುವವರು ಒಮ್ಮೆ ಓದುವುದು ಒಳ್ಳೆಯದು.

ವೈರಿಂಗ್_ಕಲಬುರಗಿ

ಕಾಗದಪತ್ರ ಮಾಲೀಕರದು, ನನ್ನದು ವೈರ್ ಮಾತ್ರ. ಆದರೂ ಅವರಿಗೆ ಹೇಳುತ್ತೇನೆ. ಲೈಫ್ ಜಾಕೆಟ್ ಎರಡು ಇವೆ. ಮೂರನೆಯವನು ನಾನು. ನನಗೆ ಈಜು ಬರುವುದಿಲ್ಲ!

ವಾಡಿ_ಪಿಎಲ್‌ಸಿ

ಅಣ್ಣಾ, ಮೊದಲು ಮೂರನೇ ಜಾಕೆಟ್, ಆಮೇಲೆ ನೆಟ್‌ವರ್ಕ್.

ವೈರಿಂಗ್_ಕಲಬುರಗಿ

ಜಾಕೆಟ್ ಬಂತು. ಲೈನ್ ಬದಲಿಸಿದೆ. ರಿಲೇ ತೆಗೆದೆ. ಇವತ್ತು ಮಾಲೀಕರ ಮಗ ಮೀಟರ್ ಹಿಡಿದ, ನಾನು ಸೆಲ್ಫ್ ಹೊಡೆದೆ. ಬ್ಯಾಟರಿ ಮೇಲೆ 12.6 ಇದ್ದದ್ದು 10.4ಕ್ಕೆ ಇಳಿಯಿತು, ಟಿ ಮೇಲೆ 10.3. ಜಿಪಿಎಸ್ ಅಲ್ಲಾಡಲಿಲ್ಲ. ಏಳು ಸಲ ಬಂದ್ ಮಾಡಿ ಚಾಲೂ ಮಾಡಿದೆ, ಏಳೂ ಸಲ ಸರಿ. ಮಾಲೀಕರು ಈಗ ಮಾತಾಡುತ್ತಿದ್ದಾರೆ. ಜಾಸ್ತಿಯೇ ಮಾತಾಡುತ್ತಿದ್ದಾರೆ.

ಹಡಗು_ಬಿಟ್ಟವ

ಶಭಾಷ್. 10.3 ಸದ್ಯಕ್ಕೆ ಸಾಕು. ಬ್ಯಾಟರಿ ಹಳೆಯದಾದ ಮೇಲೆ ಇದೇ ಅಂಕಿ 9ರ ಕೆಳಗೆ ಬರುತ್ತದೆ, ಆಗ ಇದೇ ಕಾಯಿಲೆ ಮತ್ತೆ. ಮುಂದಿನ ವರ್ಷ ಸಾಮಾನುಗಳಿಗೆ ಒಂದು ಬೇರೆ ಚಿಕ್ಕ ಬ್ಯಾಟರಿ ಹಾಕಿಸು.

ಕೇಬಲ್ ಕಟ್ಟಿದ್ದು ಹೇಗೆ? ಬಿಳಿ ಟೈ ಹಾಕಿದ್ದರೆ ನಮ್ಮ ಏಪ್ರಿಲ್ ಬಿಸಿಲಿಗೆ ಒಂದೇ ವರ್ಷದಲ್ಲಿ ಪುಡಿ. ಬಿಸಿಲು ತಡೆಯುವ ಕರಿ ಟೈ ಹಾಕು. ಬಿಗಿದು ಕತ್ತು ಹಿಸುಕಬೇಡ. ಕನೆಕ್ಟರ್‌ಗೆ ಬರುವ ಮುನ್ನ ಕೇಬಲ್ ಒಂದು ಕೊಕ್ಕೆಯಂತೆ ಕೆಳಗೆ ಇಳಿದು ಮೇಲೆ ಹೋಗಬೇಕು. ನೀರು ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಕನೆಕ್ಟರ್ ಒಳಗೆ ಹೋಗುವುದಿಲ್ಲ. ಪ್ಯಾನಲ್ ತೂತಿನಲ್ಲಿ ರಬ್ಬರ್ ಬಳೆ ಹಾಕಿದೆಯಾ? ಫೈಬರ್‌ನ ಅಂಚು ಗರಗಸ ಇದ್ದ ಹಾಗೆ.

ಭಾಲ್ಕಿ_ಹುಡುಗ

ಇಲಿ ಮಾತೂ ಹೇಳಿ. ನೀರು ಇಳಿದ ಮೇಲೆ ಬೋಟ್ ದಂಡೆ ಮೇಲೆ ತಿಂಗಳುಗಟ್ಟಲೆ ಇರುತ್ತದೆ. ಪಕ್ಕದಲ್ಲಿ ಕಬ್ಬಿನ ಹೊಲ. ನಮ್ಮ ಪಂಪ್‌ಸೆಟ್ ಕೇಬಲ್ ವರ್ಷಕ್ಕೆರಡು ಸಲ ಕಡಿಯುತ್ತವೆ.

ಹಡಗು_ಬಿಟ್ಟವ

ಹಡಗಿನಲ್ಲೂ ಇಲಿ ಇರುತ್ತವೆ ತಮ್ಮಾ. ಅದಕ್ಕೆ ಯಾವ ಸ್ಟ್ಯಾಂಡರ್ಡೂ ಇಲ್ಲ.

ವೈರಿಂಗ್_ಕಲಬುರಗಿ

ಒಂದು ಹೊಸ ತೊಂದರೆ. ನಿಧಾನ ಹೋದಾಗ ಆಳ ಸರಿಯಾಗಿ ಬರುತ್ತದೆ. ವೇಗ ಹೆಚ್ಚಿಸಿದರೆ ಆಳದ ಜಾಗದಲ್ಲಿ ಬರೀ ಗೆರೆ. ಮತ್ತೆ ನೆಟ್‌ವರ್ಕ್ ಬಿಚ್ಚಬೇಕಾ?

ವಾಡಿ_ಪಿಎಲ್‌ಸಿ

ತಳದ ಸೆನ್ಸರ್ ಎಲ್ಲಿಗೆ ಸೇರಿಸಿದ್ದೀರಿ?

ವೈರಿಂಗ್_ಕಲಬುರಗಿ

ನೇರ ಸ್ಕ್ರೀನ್ ಹಿಂದೆ. ಅದಕ್ಕೆ ಬೇರೆ ಸಾಕೆಟ್ ಇದೆ.

ವಾಡಿ_ಪಿಎಲ್‌ಸಿ

ಹಾಗಾದರೆ ಅದು ನೆಟ್‌ವರ್ಕ್ ಮೇಲೆ ಇಲ್ಲವೇ ಇಲ್ಲ. ಅಲ್ಲಿ ಏನೂ ಮುಟ್ಟಬೇಡಿ.

ಹಡಗು_ಬಿಟ್ಟವ

ಅದು ಗಾಳಿಗುಳ್ಳೆ. ವೇಗ ಹೋದಾಗ ಬೋಟ್‌ನ ತಳದಿಂದ ನೊರೆ ಬಂದು ಸೆನ್ಸರ್ ಮುಖದ ಕೆಳಗೆ ಹರಿಯುತ್ತದೆ, ಶಬ್ದ ಅದರೊಳಗೆ ದಾಟುವುದಿಲ್ಲ. ಸೆನ್ಸರನ್ನು ಚೂರು ಕೆಳಗೆ ಇಳಿಸು, ಬೋಟ್‌ನ ತಳಕ್ಕಿಂತ ಕೆಲವೇ ಮಿಲಿಮೀಟರ್ ಕೆಳಗೆ ಬರುವಂತೆ. ಪ್ರೊಪೆಲ್ಲರ್‌ನಿಂದ ಒಂದೂಕಾಲು ಅಡಿಯಾದರೂ ದೂರ ಇರಲಿ. ತಳದ ಉದ್ದುದ್ದ ಏಣುಗಳ ಹಿಂದೆ ಬರಬಾರದು. ಅದರ ಕೇಬಲ್ ಉದ್ದ ಜಾಸ್ತಿ ಅಂತ ಕತ್ತರಿಸಬೇಡ, ಸುತ್ತಿ ಇಡು. ಎಂಜಿನ್ ತಂತಿಗಳ ಕಟ್ಟಿನ ಜೊತೆ ಕಟ್ಟಬೇಡ.

ಇನ್ನೊಂದು, ಸ್ಕ್ರೀನ್‌ನ ಸೆಟ್ಟಿಂಗ್‌ನಲ್ಲಿ ನೀರು ಯಾವುದು ಅಂತ ನೋಡು. ಸಮುದ್ರದ ಬೋಟ್, ಉಪ್ಪು ನೀರು ಅಂತಲೇ ಇರುತ್ತದೆ. ಸಿಹಿ ನೀರಿನಲ್ಲಿ ಶಬ್ದ ಸ್ವಲ್ಪ ನಿಧಾನ. ಆಳದ ಲೆಕ್ಕ ನೂರಕ್ಕೆ ಎರಡು ಮೂರು ತಪ್ಪುತ್ತದೆ.

ಕೃಷ್ಣಾ_ದಂಡೆ

ಗಳಕ್ಕೆ ಸೆಟ್ಟಿಂಗ್ ಇಲ್ಲ.

ವೈರಿಂಗ್_ಕಲಬುರಗಿ

ಸರ, ಉಪ್ಪು ನೀರು ಅಂತಲೇ ಇತ್ತು! ಬದಲಿಸಿದೆ. ಸೆನ್ಸರ್ ಇಳಿಸಲು ಎರಡು ಸ್ಕ್ರೂ ಬಿಚ್ಚಬೇಕು, ಬುಧವಾರ ಹೋಗುತ್ತೇನೆ. ಕೃಷ್ಣಾ ಕಾಕಾ, ಮಾಲೀಕರು ಬೋಟ್‌ನಲ್ಲಿ ಒಂದು ಗಳವನ್ನೂ ಇಟ್ಟಿದ್ದಾರೆ. ಸ್ಕ್ರೀನ್ 2.1 ಮೀಟರ್ ತೋರಿಸಿದಾಗ ಗಳ ಊರಿ ನೋಡಿದರು, ಹೌದು ಅಂತ ತಲೆ ಆಡಿಸಿದರು. ನನ್ನ ಕೂಲಿ ಅಲ್ಲೇ ಕೊಟ್ಟರು.

ಕೇಬಲ್_ಕಾಕಾ

ಭಜಿ?

ವೈರಿಂಗ್_ಕಲಬುರಗಿ

ಕಲಬುರಗಿಗೆ ಬನ್ನಿ ಕಾಕಾ, ಖಂಡಿತ.

ಮೂಕ_ಓದುಗ

ನಿಮ್ಮ ಹತ್ತಿರ ಈಗ ಒಂದು ಟರ್ಮಿನೇಟರ್ ಉಳಿದಿರಬೇಕಲ್ಲ? ಎಸೆಯಬೇಡಿ. ಬಸವಸಾಗರದಲ್ಲಿ ನಮ್ಮದೂ ಒಂದು ಬೋಟ್ ಇದೆ. ಇವತ್ತು ಅಳೆದೆ, 120 ಬಂತು.